ಅಂತರರಾಷ್ಟ್ರೀಯ ಹವಾಮಾನ ಸಂಶೋಧನಾ ಕಾರ್ಯಕ್ರಮದ ಒಳಗಿನ ಮತ್ತು ಹೊರಗಿನ ಸಂವಹನ: ಹಂತ ಹಂತದ ಮಾರ್ಗದರ್ಶಿ

ಹಲವು ದೇಶಗಳ ವಿಜ್ಞಾನಿಗಳು ಸೇರಿ ನಡೆಸುವ ಹವಾಮಾನ ಸಂಶೋಧನಾ ಕಾರ್ಯಕ್ರಮದಲ್ಲಿ ಒಬ್ಬರು ಆದೇಶ ಕೊಟ್ಟು ಇನ್ನೊಬ್ಬರು ಪಾಲಿಸುವ ವ್ಯವಸ್ಥೆ ಇರುವುದಿಲ್ಲ. 1980ರಲ್ಲಿ ಆರಂಭವಾದ ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮವನ್ನೇ ತೆಗೆದುಕೊಳ್ಳಬಹುದು. ವಿಶ್ವ ಹವಾಮಾನ ಸಂಸ್ಥೆ, ಅಂತರರಾಷ್ಟ್ರೀಯ ವಿಜ್ಞಾನ ಪರಿಷತ್ತು ಮತ್ತು ಯುನೆಸ್ಕೋದ ಅಂತರ್‌ಸರ್ಕಾರಿ ಸಾಗರವಿಜ್ಞಾನ ಆಯೋಗ ಇದರ ಪ್ರಾಯೋಜಕರು. ಜಿನೀವಾದಲ್ಲಿ ಅದಕ್ಕೊಂದು ಚಿಕ್ಕ ಕಚೇರಿ ಇದೆ. ಆದರೆ ಸಂಶೋಧನೆಯ ಭಾರವನ್ನು ಹೊರುವವರು ತಮ್ಮ ತಮ್ಮ ವಿಶ್ವವಿದ್ಯಾಲಯ ಮತ್ತು ಪ್ರಯೋಗಾಲಯಗಳಿಂದ ಸಂಬಳ ಪಡೆಯುತ್ತ, ಬಿಡುವು ಮಾಡಿಕೊಂಡು ಸಮಿತಿಗಳಲ್ಲಿ ದುಡಿಯುವ ವಿಜ್ಞಾನಿಗಳು. ಇಂಥ ಕಾರ್ಯಕ್ರಮವನ್ನು ಒಟ್ಟಾಗಿ ಹಿಡಿದಿಡುವುದು ಮಾಹಿತಿ ಮಾತ್ರ. ಯಾರಿಗೆ ಏನು ಗೊತ್ತಿದೆ, ಅದು ಯಾವಾಗ ಗೊತ್ತಾಯಿತು ಎಂಬುದರ ಮೇಲೆ ಕೆಲಸದ ಗುಣಮಟ್ಟ ನಿಂತಿರುತ್ತದೆ.

ಸಂವಹನವನ್ನು ಸುಧಾರಿಸಬೇಕು ಎಂದಾಗ ಬಹಳಷ್ಟು ಕಾರ್ಯಕ್ರಮಗಳು ಮೊದಲು ಹೊಸ ಜಾಲತಾಣ, ಹೊಸ ಲಾಂಛನ, ಸಾಮಾಜಿಕ ಮಾಧ್ಯಮದ ಖಾತೆ ಇವುಗಳತ್ತ ಹೊರಳುತ್ತವೆ. ಈ ಕ್ರಮ ತಿರುಗುಮುರುಗಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಜಗತ್ತಿನ ಎದುರು ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಒಳಗೆ ಮಾತು ತಲುಪದೆ ಇದ್ದುದರಿಂದ ಹುಟ್ಟಿದವು. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ, ಅಂದರೆ ಐಪಿಸಿಸಿಯ, 2007ರ ವರದಿಯ ಎರಡನೆಯ ಸಂಪುಟದಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಕಣ್ಮರೆಯಾಗುವ ಸಾಧ್ಯತೆ ಬಹಳ ಹೆಚ್ಚಿದೆ ಎಂಬ ತಪ್ಪು ವಾಕ್ಯ ಸೇರಿಕೊಂಡಿತ್ತು. ಕರಡಿನ ಪರಿಶೀಲನೆಯ ಹಂತದಲ್ಲೇ ಅದರ ಬಗ್ಗೆ ಪ್ರಶ್ನೆಗಳು ಬಂದಿದ್ದವು. ಹಿಮನದಿಗಳನ್ನು ಅಧ್ಯಯನ ಮಾಡಿದ ತಜ್ಞರು ಅದೇ ವರದಿಯ ಮೊದಲ ಸಂಪುಟಕ್ಕಾಗಿ ಕೆಲಸ ಮಾಡುತ್ತಿದ್ದರು. ಆದರೂ ಆ ಪ್ರಶ್ನೆಗಳು ತಿದ್ದುಪಡಿಯಾಗಿ ಮಾರ್ಪಡಲಿಲ್ಲ. 2010ರ ಜನವರಿಯಲ್ಲಿ ಐಪಿಸಿಸಿ ವಿಷಾದ ವ್ಯಕ್ತಪಡಿಸುವ ಹೊತ್ತಿಗೆ ಆ ಒಂದು ವಾಕ್ಯ ಇಡೀ ವರದಿಯ ಮೇಲಿನ ವಿಶ್ವಾಸವನ್ನು ಪ್ರಶ್ನಿಸುವವರಿಗೆ ಅಸ್ತ್ರವಾಗಿತ್ತು. ಆದ್ದರಿಂದ ಈ ಮಾರ್ಗದರ್ಶಿ ಒಳಗಿನಿಂದ ಆರಂಭವಾಗಿ ಹೊರಗೆ ಸಾಗುತ್ತದೆ.

ಹಂತ 1: ಮಾಹಿತಿ ಹರಿಯುವ ದಾರಿಯನ್ನು ಪತ್ತೆಹಚ್ಚಿ

ಸಮೀಕ್ಷೆಯ ನಮೂನೆಯೊಂದನ್ನು ಎಲ್ಲರಿಗೂ ಕಳುಹಿಸಿ "ಸಂವಹನ ತೃಪ್ತಿಕರವಾಗಿದೆಯೇ" ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಅದರ ಬದಲು ಕಳೆದ ಒಂದು ವರ್ಷದಲ್ಲಿ ಸಂಚಾಲನಾ ಸಮಿತಿ ಕೈಗೊಂಡ ಎರಡು ಮೂರು ನಿರ್ಧಾರಗಳನ್ನು ಆರಿಸಿಕೊಳ್ಳಿ. ಪ್ರಯೋಗದ ವಿನ್ಯಾಸದಲ್ಲಿ ಆದ ಬದಲಾವಣೆ, ಕಾರ್ಯಗುಂಪೊಂದನ್ನು ಮುಚ್ಚಿದ್ದು, ದತ್ತಾಂಶ ಸಲ್ಲಿಕೆಯ ಗಡುವನ್ನು ಮುಂದೂಡಿದ್ದು, ಇಂಥವು. ಆ ನಿರ್ಧಾರ ತಮಗೆ ಯಾವಾಗ ತಿಳಿಯಿತು, ಯಾರಿಂದ ತಿಳಿಯಿತು, ಅದರ ಕಾರಣ ತಿಳಿಯಿತೇ, ತಿಳಿಯುವ ಮೊದಲು ವ್ಯರ್ಥವಾದ ಕೆಲಸ ಎಷ್ಟು ಎಂದು ಬೇರೆ ಬೇರೆ ಸ್ತರದವರನ್ನು ಮಾತನಾಡಿಸಿ ಕೇಳಿ. ಸಮಿತಿಯ ಅಧ್ಯಕ್ಷರನ್ನಷ್ಟೇ ಕೇಳಿದರೆ ಸಾಲದು. ದತ್ತಾಂಶ ನಿರ್ವಾಹಕರು, ಸಂಶೋಧನಾ ವಿದ್ಯಾರ್ಥಿಗಳು, ರಾಷ್ಟ್ರೀಯ ಹವಾಮಾನ ಸೇವೆಗಳಲ್ಲಿರುವ ಸಂಪರ್ಕಾಧಿಕಾರಿಗಳು ಮತ್ತು ಪ್ರಾಯೋಜಕ ಸಂಸ್ಥೆಗಳ ಪ್ರತಿನಿಧಿಗಳು ಎಲ್ಲರೂ ಈ ಪಟ್ಟಿಯಲ್ಲಿರಬೇಕು.

ಹೀಗೆ ಒಂದೊಂದೇ ನಿರ್ಧಾರದ ಜಾಡು ಹಿಡಿದು ಹೋದರೆ ಸಾಮಾನ್ಯವಾಗಿ ಎರಡು ಸಂಗತಿಗಳು ಗೋಚರಿಸುತ್ತವೆ. ಪರಸ್ಪರ ಪರಿಚಯವಿರುವ ಒಂದು ವಲಯಕ್ಕೆ ಸುದ್ದಿ ಬೇಗ ತಲುಪಿ, ಆ ವಲಯದ ಹೊರಗಿರುವವರಿಗೆ ತಡವಾಗಿ ಅಥವಾ ಅರೆಬರೆಯಾಗಿ ತಲುಪಿರುತ್ತದೆ. ಮತ್ತು ನಿರ್ಧಾರ ತಿಳಿದವರಲ್ಲೂ ಅದರ ಕಾರಣ ತಿಳಿದವರು ಕೆಲವರೇ ಇರುತ್ತಾರೆ. ಮುಂದಿನ ಹಂತಗಳೆಲ್ಲ ಈ ಎರಡು ಕೊರತೆಗಳನ್ನು ತುಂಬುವುದಕ್ಕಾಗಿಯೇ ಇವೆ.

ಹಂತ 2: ನಿರ್ಧಾರಗಳಿಗೆ ಒಂದೇ ದಾಖಲೆ ಇರಲಿ

ಎಲ್ಲ ಸದಸ್ಯರಿಗೂ ತೆರೆದಿರುವ ಒಂದು ನಿರ್ಧಾರ ದಾಖಲೆಯನ್ನು ಆರಂಭಿಸಿ. ಪ್ರತಿ ನಮೂದಿನಲ್ಲಿ ಏನು ನಿರ್ಧರಿಸಲಾಯಿತು, ಯಾವ ದಿನ, ಯಾರು ಜವಾಬ್ದಾರರು, ಏಕೆ ಎಂಬ ವಿವರಗಳ ಜೊತೆಗೆ ಪರಿಗಣಿಸಿ ಕೈಬಿಟ್ಟ ಪರ್ಯಾಯ ಯಾವುದು ಎಂಬುದೂ ಇರಲಿ. ಈ ಕೊನೆಯ ವಿವರವನ್ನು ಬಹಳ ಮಂದಿ ಬರೆಯುವುದಿಲ್ಲ. ಆದರೆ ಮೂರು ವರ್ಷಗಳ ನಂತರ ಸಮಿತಿಯ ಸದಸ್ಯರು ಬದಲಾದಾಗ ಅದೇ ಚರ್ಚೆ ಮತ್ತೆ ಮೊದಲಿನಿಂದ ಶುರುವಾಗದಂತೆ ತಡೆಯುವುದು ಅದೇ ವಿವರ. ದಾಖಲೆಯಲ್ಲಿ ಬರದೆ ಇರುವುದು ನಿರ್ಧಾರವೇ ಅಲ್ಲ ಎಂಬ ನಿಯಮವನ್ನು ಸಮಿತಿ ಒಪ್ಪಿಕೊಳ್ಳಬೇಕು. ಆಗ ಇಮೇಲ್ ಸರಣಿಯ ಇಪ್ಪತ್ತನೆಯ ಉತ್ತರದಲ್ಲಿ ಅಡಗಿ ಕುಳಿತ ಒಪ್ಪಂದವನ್ನು ಹುಡುಕಿಕೊಂಡು ಯಾರೂ ಅಲೆಯಬೇಕಾಗುವುದಿಲ್ಲ.

ಇಮೇಲ್ ಬಗ್ಗೆಯೇ ಇನ್ನೊಂದು ಮಾತು. 2009ರ ನವೆಂಬರಿನಲ್ಲಿ ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಘಟಕದ ಸಾವಿರಕ್ಕೂ ಹೆಚ್ಚು ಇಮೇಲ್‌ಗಳು ಕಳುವಾಗಿ ಬಹಿರಂಗವಾದವು. ನಂತರ ನಡೆದ ಹಲವು ವಿಚಾರಣೆಗಳಲ್ಲಿ ದತ್ತಾಂಶವನ್ನು ತಿರುಚಿದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ, ಆದರೆ ಮಾಹಿತಿ ಕೇಳಿದವರೊಂದಿಗೆ ಇನ್ನಷ್ಟು ಮುಕ್ತವಾಗಿ ನಡೆದುಕೊಳ್ಳಬೇಕಿತ್ತು ಎಂಬ ಟೀಕೆ ಬಂತು. ಸಹೋದ್ಯೋಗಿಗಳ ನಡುವೆ ಅರ್ಥವಾಗುವ ಕುಶಲೋಕ್ತಿಗಳು ಸಂದರ್ಭದಿಂದ ಬೇರ್ಪಟ್ಟಾಗ ಎಷ್ಟು ಬೇರೆಯಾಗಿ ಕಾಣುತ್ತವೆ ಎಂಬುದು ಆಗ ಸ್ಪಷ್ಟವಾಯಿತು. ಇದರಿಂದ ಬರೆಯಲು ಹೆದರುವ ಅಗತ್ಯವಿಲ್ಲ. ವಿಧಾನದ ಕುರಿತ ಭಿನ್ನಾಭಿಪ್ರಾಯವನ್ನು ಖಾಸಗಿ ಸಂದೇಶಗಳಲ್ಲಿ ಬೆಳೆಸುವ ಬದಲು, ಕಾರಣಗಳ ಸಮೇತ, ತೆರೆದ ದಾಖಲೆಯಲ್ಲಿ ಬರೆಯುವ ರೂಢಿ ಬೆಳೆದರೆ ಸಾಕು.

ಹಂತ 3: ಸಭೆಗಳ ಹೊರೆಯನ್ನು ಹಂಚಿಕೊಳ್ಳಿ

ವಿವಿಧ ಖಂಡಗಳ ಜನ ಸೇರುವ ವಿಡಿಯೊ ಸಭೆಗೆ ಎಲ್ಲರಿಗೂ ಅನುಕೂಲವಾದ ಸಮಯ ಎಂಬುದೇ ಇಲ್ಲ. ಆದರೂ ಬಹುತೇಕ ಸಭೆಗಳು ಯುರೋಪಿನ ಮಧ್ಯಾಹ್ನಕ್ಕೆ ನಿಗದಿಯಾಗುತ್ತವೆ, ಪೂರ್ವ ಏಷ್ಯಾದವರು ತಡರಾತ್ರಿಯವರೆಗೆ ಕಾಯುತ್ತಾರೆ, ಪೆಸಿಫಿಕ್ ದ್ವೀಪಗಳವರು ಮಧ್ಯರಾತ್ರಿಯ ನಂತರ ಏಳುತ್ತಾರೆ ಅಥವಾ ಬರುವುದನ್ನೇ ನಿಲ್ಲಿಸುತ್ತಾರೆ. ಸಭೆಯ ಸಮಯವನ್ನು ಸರದಿಯಂತೆ ಬದಲಿಸಿ, ವರ್ಷದ ಸರದಿಯನ್ನು ಮೊದಲೇ ಪ್ರಕಟಿಸಿ. ಸಮಯವನ್ನು ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆಯಿರಿ. ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಯುರೋಪ್ ಬೇರೆ ಬೇರೆ ವಾರಗಳಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದರಿಂದ ಆ ನಡುವಿನ ದಿನಗಳಲ್ಲಿ ಸಭೆ ತಪ್ಪಿಸಿಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಕಾರ್ಯಸೂಚಿ ಮತ್ತು ಕರಡುಗಳನ್ನು ಕನಿಷ್ಠ ಒಂದು ವಾರ ಮೊದಲು ಕಳುಹಿಸಿ. ಸಭೆ ಮುಗಿದ ಮೇಲೆ ಐದು ಕೆಲಸದ ದಿನಗಳ ಕಾಲ ಲಿಖಿತ ಅಭಿಪ್ರಾಯಕ್ಕೆ ಅವಕಾಶ ಕೊಟ್ಟು, ಆಮೇಲಷ್ಟೇ ನಿರ್ಧಾರ ಅಂತಿಮವೆಂದು ದಾಖಲಿಸಿ. ನಿದ್ದೆಗಣ್ಣಿನಲ್ಲಿ ಕೂತಿದ್ದವರಿಗೂ, ಸಂಪರ್ಕ ಕಡಿದುಹೋದವರಿಗೂ, ಇಂಗ್ಲಿಷಿನಲ್ಲಿ ತಕ್ಷಣ ವಾದ ಮಾಡುವ ಅಭ್ಯಾಸವಿಲ್ಲದವರಿಗೂ ಇದೊಂದೇ ಕ್ರಮ ಹೆಚ್ಚಿನ ನ್ಯಾಯ ಒದಗಿಸುತ್ತದೆ. ಅಧ್ಯಕ್ಷರು ಕೈ ಎತ್ತಿದವರಿಗಷ್ಟೇ ಮಾತು ಕೊಡುವ ಬದಲು ಎಲ್ಲರ ಹೆಸರು ಕರೆದು ಕೇಳಬೇಕು, ಯುವ ಸಂಶೋಧಕರಿಂದ ಆರಂಭಿಸಬೇಕು. ಹಿರಿಯರು ಮಾತಾಡಿದ ಮೇಲೆ ಕಿರಿಯರಿಂದ ಬೇರೆ ಅಭಿಪ್ರಾಯ ಬರುವುದು ಅಪರೂಪ. ಕೆಲವು ದೇಶಗಳಲ್ಲಿ ಕೆಲವು ಆನ್‌ಲೈನ್ ಸೇವೆಗಳು ತೆರೆಯುವುದಿಲ್ಲವಾದ್ದರಿಂದ ಕಡತಗಳನ್ನು ಹಂಚಲು ಎರಡನೆಯ ದಾರಿಯನ್ನೂ ಇಟ್ಟುಕೊಳ್ಳಿ.

ಹಂತ 4: ದತ್ತಾಂಶದ ಜೊತೆಯಲ್ಲೇ ಎಚ್ಚರಿಕೆಯೂ ಪ್ರಯಾಣ ಮಾಡಲಿ

ಹವಾಮಾನ ಸಂಶೋಧನೆಯಲ್ಲಿ ಅತಿ ದೊಡ್ಡ ಸಂವಹನ ನಡೆಯುವುದು ಭಾಷಣ ಮತ್ತು ಪತ್ರಗಳ ಮೂಲಕವಲ್ಲ, ದತ್ತಾಂಶದ ಮೂಲಕ. ಹವಾಮಾನವನ್ನು ಗಣಕದಲ್ಲಿ ಅನುಕರಿಸುವ ಮಾದರಿಗಳನ್ನು ಹೋಲಿಸುವ, ಸಿಎಂಐಪಿ ಎಂದು ಕರೆಯುವ ಯೋಜನೆ 1995ರಲ್ಲಿ ಶುರುವಾಯಿತು. ಹಲವು ದೇಶಗಳ ಮಾದರಿಗಳು ಒಂದೇ ಬಗೆಯ ಪ್ರಯೋಗಗಳನ್ನು ನಡೆಸಿ, ಫಲಿತಾಂಶಗಳನ್ನು ಒಂದೇ ಬಗೆಯ ಹೆಸರು, ಮಾನ ಮತ್ತು ಕಡತ ವಿನ್ಯಾಸದಲ್ಲಿ ಬಿಡುಗಡೆ ಮಾಡುತ್ತವೆ. ಈ ಶಿಸ್ತು ಇರುವುದರಿಂದಲೇ ಒಂದು ಖಂಡದಲ್ಲಿ ತಯಾರಾದ ಮಳೆಯ ಅಂದಾಜನ್ನು ಇನ್ನೊಂದು ಖಂಡದ ಬೆಳೆ ತಜ್ಞರು ಯಾರನ್ನೂ ಕೇಳದೆ ಬಳಸಬಹುದು. ಯಾರನ್ನೂ ಕೇಳಬೇಕಾಗಿಲ್ಲ ಎಂಬ ಆ ಅನುಕೂಲದಲ್ಲೇ ಅಪಾಯವೂ ಅಡಗಿದೆ.

ಸಿಎಂಐಪಿಯ ಆರನೆಯ ಆವೃತ್ತಿಯಲ್ಲಿ ಇದು ಢಾಳಾಗಿ ಕಾಣಿಸಿತು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ಇಮ್ಮಡಿಯಾಗಿ, ವ್ಯವಸ್ಥೆ ಸಮತೋಲಕ್ಕೆ ಬಂದಾಗ ಭೂಮಿಯ ತಾಪಮಾನ ಎಷ್ಟು ಏರುತ್ತದೆ ಎಂಬುದನ್ನು ಹವಾಮಾನ ಸಂವೇದನಶೀಲತೆ ಎನ್ನುತ್ತಾರೆ. ಕೆಲವು ಹೊಸ ಮಾದರಿಗಳಲ್ಲಿ ಇದು 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಂತು. ಹಲವು ಬಗೆಯ ಪುರಾವೆಗಳನ್ನು ತೂಗಿ ನೋಡಿದ ಐಪಿಸಿಸಿ ತನ್ನ 2021ರ ವರದಿಯಲ್ಲಿ 3 ಡಿಗ್ರಿಯನ್ನು ಅತ್ಯುತ್ತಮ ಅಂದಾಜೆಂದೂ 2.5ರಿಂದ 4 ಡಿಗ್ರಿಯನ್ನು ಸಂಭವನೀಯ ವ್ಯಾಪ್ತಿಯೆಂದೂ ಹೇಳಿತು, ಜಾಗತಿಕ ತಾಪಮಾನದ ಮುನ್ನಂದಾಜಿಗೆ ಎಲ್ಲ ಮಾದರಿಗಳ ನೇರ ಸರಾಸರಿಯನ್ನು ಬಳಸಲಿಲ್ಲ. ಆದರೆ ಪರಿಣಾಮಗಳ ಅಧ್ಯಯನದಲ್ಲಿ ತೊಡಗಿದ ಅನೇಕರು ಹಳೆಯ ರೂಢಿಯಂತೆ ಎಲ್ಲವನ್ನೂ ಕೂಡಿಸಿ ಭಾಗಿಸುತ್ತಲೇ ಇದ್ದರು. 2022ರಲ್ಲಿ ಹವಾಮಾನ ವಿಜ್ಞಾನಿಗಳ ಒಂದು ತಂಡ ನೇಚರ್ ಪತ್ರಿಕೆಯಲ್ಲಿ ಈ ಬಗ್ಗೆ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಮಾದರಿ ತಯಾರಿಸುವವರಿಗೆ ಗೊತ್ತಿದ್ದ ಸಂಗತಿ, ದತ್ತಾಂಶವನ್ನು ಇಳಿಸಿಕೊಂಡವರಿಗೆ ಗೊತ್ತಿರಲಿಲ್ಲ.

ಇದನ್ನು ತಡೆಯಲು ನಾಲ್ಕು ಕೆಲಸಗಳನ್ನು ಮಾಡಬೇಕು. ಮೊದಲನೆಯದಾಗಿ, ಪ್ರತಿ ದತ್ತಾಂಶ ಸಂಗ್ರಹದ ಜೊತೆ ಒಂದು ಪುಟ ಮೀರದ ಬಳಕೆಯ ಟಿಪ್ಪಣಿ ಇರಲಿ. ಇದನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದು ಅದರ ಮೊದಲ ಸಾಲುಗಳಲ್ಲೇ ಬರಬೇಕು. ಎರಡನೆಯದಾಗಿ, ತಿದ್ದುಪಡಿ ಮಾಡಿದಾಗ ಹಳೆಯ ಕಡತವನ್ನು ಸದ್ದಿಲ್ಲದೆ ಬದಲಾಯಿಸದೆ ಹೊಸ ಆವೃತ್ತಿ ಸಂಖ್ಯೆ ಕೊಟ್ಟು, ಏನು ಬದಲಾಯಿತು ಎಂದು ಬರೆದು, ಹಳೆಯದನ್ನು ಗುರುತಿಸಲು ಸಾಧ್ಯವಾಗುವಂತೆ ಉಳಿಸಿ. ಮೂರನೆಯದಾಗಿ, ದೋಷಗಳ ಪಟ್ಟಿಯೊಂದನ್ನು ಎಲ್ಲರಿಗೂ ಕಾಣುವಂತೆ ಇಡಿ ಮತ್ತು ದತ್ತಾಂಶ ಇಳಿಸಿಕೊಳ್ಳುವವರು ಬಯಸಿದರೆ ಸೂಚನೆ ಪಡೆಯುವ ವ್ಯವಸ್ಥೆ ಮಾಡಿ. ಕೊನೆಯದಾಗಿ, ಬಳಕೆದಾರರು ಕಂಡ ದೋಷವನ್ನು ತಿಳಿಸಲು ಹೆಸರಿರುವ ಒಬ್ಬ ವ್ಯಕ್ತಿಯನ್ನು ನಿಯೋಜಿಸಿ. ಯಾರದ್ದೂ ಅಲ್ಲದ ಸಾಮಾನ್ಯ ವಿಳಾಸಕ್ಕೆ ಬಂದ ಪತ್ರ ಉತ್ತರವಿಲ್ಲದೆ ಉಳಿಯುವುದೇ ಹೆಚ್ಚು.

ಹಂತ 5: ಹೊರಗೆ ಮಾತಾಡುವ ಮುನ್ನ ಸಂಖ್ಯೆಗಳ ಬಗ್ಗೆ ಒಮ್ಮತಕ್ಕೆ ಬನ್ನಿ

ತಾಪಮಾನ ಎಷ್ಟು ಏರಿದೆ ಎಂಬ ಸರಳ ಪ್ರಶ್ನೆಗೂ ಯಾವ ಅವಧಿಗೆ ಹೋಲಿಸಿದರೆ, ಯಾವ ದತ್ತಾಂಶದ ಪ್ರಕಾರ, ಎಷ್ಟು ವರ್ಷಗಳ ಸರಾಸರಿಯಲ್ಲಿ ಎಂಬ ಮೂರು ಪ್ರಶ್ನೆಗಳು ಅಂಟಿಕೊಂಡಿರುತ್ತವೆ. 2024ನೆಯ ವರ್ಷದ ಕುರಿತ ಪ್ರಕಟಣೆ ಇದಕ್ಕೆ ಒಳ್ಳೆಯ ಮಾದರಿ. ಆರು ದತ್ತಾಂಶ ಸಂಗ್ರಹಗಳನ್ನು ಒಟ್ಟುಗೂಡಿಸಿದ ವಿಶ್ವ ಹವಾಮಾನ ಸಂಸ್ಥೆ, ಆ ವರ್ಷದ ಜಾಗತಿಕ ಸರಾಸರಿ ತಾಪಮಾನ 1850–1900ರ ಅವಧಿಗಿಂತ 1.55 ಡಿಗ್ರಿ ಹೆಚ್ಚಿತ್ತು, ಅನಿಶ್ಚಿತತೆ ಎರಡೂ ಕಡೆಗೆ 0.13 ಡಿಗ್ರಿ ಎಂದು 2025ರ ಜನವರಿಯಲ್ಲಿ ತಿಳಿಸಿತು. ಯುರೋಪಿನ ಕೋಪರ್ನಿಕಸ್ ಹವಾಮಾನ ಸೇವೆಯ ಅಂಕಿ 1.60 ಇತ್ತು, ಅಮೆರಿಕದ ಸರ್ಕಾರಿ ಸಂಸ್ಥೆಗಳ ಅಂಕಿ 1.5ಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಪ್ರಮುಖ ಸಂಸ್ಥೆಗಳು ಸಮನ್ವಯದಿಂದ ಒಂದೇ ದಿನ ಪ್ರಕಟಿಸಿದ್ದರಿಂದ ಮತ್ತು ಒಂದು ವರ್ಷ 1.5 ದಾಟಿದ ಮಾತ್ರಕ್ಕೆ, ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸಲು ಯತ್ನಿಸುವ ಪ್ಯಾರಿಸ್ ಒಪ್ಪಂದದ ದೀರ್ಘಾವಧಿ ಗುರಿ ಕೈತಪ್ಪಿತೆಂದು ಅರ್ಥವಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರಿಂದ, ಅಂಕಿಗಳ ನಡುವಿನ ಅಂತರ ವಿವಾದವಾಗಿ ಬೆಳೆಯಲು ಅವಕಾಶ ಕಡಿಮೆಯಾಯಿತು.

ನಿಮ್ಮ ಕಾರ್ಯಕ್ರಮಕ್ಕೂ ಇಂಥ ಒಮ್ಮತವನ್ನು ಬರೆದಿಡುವ ಒಂದು ಸಂದೇಶ ಪತ್ರ ಬೇಕು. ಹೋಲಿಕೆಯ ಅವಧಿ ಯಾವುದು, ದಶಮಾಂಶದ ನಂತರ ಎಷ್ಟು ಅಂಕಿ, ಅನಿಶ್ಚಿತತೆಯನ್ನು ಹೇಗೆ ಬರೆಯಬೇಕು, ಈ ಫಲಿತಾಂಶದಿಂದ ಯಾವ ತೀರ್ಮಾನಕ್ಕೆ ಬರಬಾರದು ಎಂಬುದು ಅದರಲ್ಲಿರಲಿ. ಎರಡು ಪುಟಗಳಿಗಿಂತ ಉದ್ದವಾದರೆ ಅದನ್ನು ಯಾರೂ ಓದುವುದಿಲ್ಲ.

ಸಂಭವನೀಯತೆಯನ್ನು ಸೂಚಿಸುವ ಪದಗಳಿಗೆ ವಿಶೇಷ ಗಮನ ಬೇಕು. ಐಪಿಸಿಸಿಯ ಪದ್ಧತಿಯಲ್ಲಿ "ಸಂಭವನೀಯ" ಎಂದರೆ ಶೇಕಡಾ 66ರಿಂದ 100, "ಬಹಳ ಸಂಭವನೀಯ" ಎಂದರೆ 90ರಿಂದ 100, "ಬಹುತೇಕ ಖಚಿತ" ಎಂದರೆ 99ರಿಂದ 100. ಈ ಪದಗಳನ್ನು ಓದುವ ಸಾಮಾನ್ಯ ಜನರು ಅವುಗಳನ್ನು ಉದ್ದೇಶಿತ ಅರ್ಥಕ್ಕಿಂತ ಶೇಕಡಾ 50ಕ್ಕೆ ಹೆಚ್ಚು ಹತ್ತಿರವಾಗಿ ಗ್ರಹಿಸುತ್ತಾರೆ ಎಂದೂ, ಪದದ ಪಕ್ಕದಲ್ಲೇ ಸಂಖ್ಯೆಯನ್ನು ಬರೆದರೆ ಗ್ರಹಿಕೆ ಸುಧಾರಿಸುತ್ತದೆ ಎಂದೂ ಮನೋವಿಜ್ಞಾನಿ ಡೇವಿಡ್ ಬುಡೆಸ್ಕು ಮತ್ತು ಸಹೋದ್ಯೋಗಿಗಳ 2009ರ ಅಧ್ಯಯನ ತೋರಿಸಿತು. ಸಂಖ್ಯೆಯನ್ನು ಅಡಿಟಿಪ್ಪಣಿಗೆ ತಳ್ಳದೆ ವಾಕ್ಯದ ಒಳಗೇ ಬರೆಯಿರಿ.

ಹಂತ 6: ಕೇಳುವವರ ಮುಂದಿರುವ ನಿರ್ಧಾರವನ್ನು ತಿಳಿದುಕೊಳ್ಳಿ

"ಸಾರ್ವಜನಿಕರು" ಎಂಬ ಒಂದೇ ಗುಂಪಿಗೆ ಬರೆದ ಬರಹ ಯಾರಿಗೂ ಸರಿಯಾಗಿ ಹೊಂದುವುದಿಲ್ಲ. ಜಲಾಶಯದ ನಿರ್ವಾಹಕರಿಗೆ ಮುಂದಿನ ಮೂರು ತಿಂಗಳ ಒಳಹರಿವು ಬೇಕು. ನಗರ ಯೋಜಕರಿಗೆ ಮೂವತ್ತು ವರ್ಷಗಳ ನಂತರದ ಭಾರೀ ಮಳೆಯ ಅಂದಾಜು ಬೇಕು. ಅನುದಾನ ಕೊಡುವ ಸಂಸ್ಥೆಗೆ ಹಣದಿಂದ ಏನಾಯಿತು ಎಂಬುದು ಬೇಕು. ಪ್ರತಿ ಗುಂಪಿನ ಇಬ್ಬರು ಮೂವರನ್ನು ಮಾತಾಡಿಸಿ, ಅವರು ಯಾವ ತಿಂಗಳಲ್ಲಿ ಯಾವ ನಿರ್ಧಾರ ಕೈಗೊಳ್ಳುತ್ತಾರೆ ಎಂದು ತಿಳಿದ ಮೇಲೆ ಬರೆಯಲು ಕೂರಬೇಕು.

ಮುಂಬರುವ ಋತುವಿನ ಮಳೆ ಹೇಗಿರಬಹುದೆಂದು ತಜ್ಞರು ಸೇರಿ ಅಂದಾಜಿಸುವ ಪ್ರಾದೇಶಿಕ ಹವಾಮಾನ ಮುನ್ನೋಟ ವೇದಿಕೆಗಳು 1990ರ ದಶಕದಿಂದ ಈ ಕೆಲಸ ಮಾಡುತ್ತ ಬಂದಿವೆ. ಅವುಗಳ ಮುನ್ನೋಟದಲ್ಲಿ ವಾಡಿಕೆಗಿಂತ ಕಡಿಮೆ, ವಾಡಿಕೆ, ವಾಡಿಕೆಗಿಂತ ಹೆಚ್ಚು ಎಂಬ ಮೂರು ವರ್ಗಗಳಿರುತ್ತವೆ. ಹಿಂದಿನ ದಾಖಲೆಗಳನ್ನು ಮೂರು ಸಮಭಾಗ ಮಾಡಿರುವುದರಿಂದ ಏನೂ ತಿಳಿಯದಿದ್ದಾಗಲೂ ಪ್ರತಿ ವರ್ಗದ ಸಂಭವ ಶೇಕಡಾ 33 ಇದ್ದೇ ಇರುತ್ತದೆ. ಕಡಿಮೆ ಮಳೆಯ ಸಂಭವ ಶೇಕಡಾ 45 ಎಂದು ಪ್ರಕಟಿಸಿದರೆ ತಜ್ಞರಿಗೆ ಅದು ಗಮನಾರ್ಹ ವಾಲಿಕೆ. ಪತ್ರಿಕೆಯ ಶೀರ್ಷಿಕೆಯಲ್ಲಿ ಅದು ಬರಗಾಲದ ಘೋಷಣೆಯಾಗುತ್ತದೆ, ಸಾಲ ಕೊಡುವವರು ಹಿಂಜರಿಯುತ್ತಾರೆ, ರೈತರು ಬಿತ್ತನೆಯನ್ನು ಕೈಬಿಡಲೂಬಹುದು. ಆದ್ದರಿಂದ ಹತ್ತು ಇಂಥ ವರ್ಷಗಳಲ್ಲಿ ನಾಲ್ಕೈದರಲ್ಲಿ ಮಳೆ ಕಡಿಮೆಯಾಗಬಹುದು, ಉಳಿದ ಐದಾರು ವರ್ಷಗಳಲ್ಲಿ ವಾಡಿಕೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ಬರಬಹುದು ಎಂದು ಎರಡೂ ಕಡೆಯನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಕೇಳಿದವರು ತಮ್ಮ ಮಾತಿನಲ್ಲಿ ಅದನ್ನು ತಿರುಗಿ ಹೇಳುವಂತೆ ಕೋರುವುದು ಅರ್ಥವಾಗಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಅತಿ ನಂಬಿಗಸ್ತ ವಿಧಾನ.

ಹಂತ 7: ಮಾಧ್ಯಮಕ್ಕೆ ಸಿದ್ಧರಾಗಿರಿ

ಅಂತರರಾಷ್ಟ್ರೀಯ ಕಾರ್ಯಕ್ರಮದ ಒಂದು ಸಂಶೋಧನಾ ಪ್ರಬಂಧಕ್ಕೆ ಹತ್ತು ಸಂಸ್ಥೆಗಳ ಲೇಖಕರಿದ್ದರೆ, ಹತ್ತು ಪತ್ರಿಕಾ ಕಚೇರಿಗಳು ಹತ್ತು ಶೀರ್ಷಿಕೆಗಳ ಪ್ರಕಟಣೆ ಹೊರಡಿಸುತ್ತವೆ. ಇದನ್ನು ನಿಷೇಧಿಸಲು ಹೋಗಬೇಡಿ, ಸಾಧ್ಯವೂ ಇಲ್ಲ. ಪ್ರಬಂಧ ಪ್ರಕಟವಾಗುವ ಮೂರು ವಾರ ಮೊದಲೇ ಮುಖ್ಯ ಫಲಿತಾಂಶ, ಅದರ ಮಿತಿ ಮತ್ತು ಬಿಡುಗಡೆಯ ಸಮಯ ಒಳಗೊಂಡ ಒಂದು ಚಿಕ್ಕ ಪರಿಚ್ಛೇದವನ್ನು ಎಲ್ಲರಿಗೂ ಕಳುಹಿಸಿ, ಅದಷ್ಟನ್ನು ಬದಲಿಸದೆ ಬಳಸುವಂತೆ ಒಪ್ಪಿಸಿದರೆ ಸಾಕು.

ವಕ್ತಾರರ ಪಟ್ಟಿಯನ್ನು ಪ್ರದೇಶ ಮತ್ತು ಭಾಷೆಗಳಿಗೆ ಅನುಗುಣವಾಗಿ ತಯಾರಿಸಿ. ಪ್ರವಾಹ ಬಂದ ದೇಶದ ವರದಿಗಾರರಿಗೆ ಅವರ ಭಾಷೆಯಲ್ಲೇ ಮಾತಾಡುವ, ಅಲ್ಲಿನ ನದಿಗಳನ್ನು ಬಲ್ಲ ವಿಜ್ಞಾನಿ ಸಿಗಬೇಕು. ಅತಿರೇಕದ ಹವಾಮಾನ ಘಟನೆಗಳ ಬಗ್ಗೆ ಪ್ರಶ್ನೆಗಳು ಒಂದೆರಡು ದಿನಗಳಲ್ಲೇ ಬರುತ್ತವೆ, ಪ್ರಬಂಧವೋ ವರ್ಷದ ನಂತರ ಬರುತ್ತದೆ. ಇಂಥ ಘಟನೆಗಳಲ್ಲಿ ಹವಾಮಾನ ಬದಲಾವಣೆಯ ಪಾತ್ರ ಎಷ್ಟೆಂದು ಅಳೆಯುವ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಈ ಅಂತರಕ್ಕೆ ಕಂಡುಕೊಂಡ ಪರಿಹಾರ ಅನುಕರಣೀಯ. ಅವರು ವಿಧಾನವನ್ನು ಮೊದಲೇ ತಜ್ಞರ ಪರಿಶೀಲನೆಗೆ ಒಳಪಡಿಸಿ ಪ್ರಕಟಿಸಿದ್ದಾರೆ, ಘಟನೆ ನಡೆದಾಗ ಅದೇ ವಿಧಾನವನ್ನು ಬಳಸಿ ಕೆಲವೇ ದಿನ ಅಥವಾ ವಾರಗಳಲ್ಲಿ ಫಲಿತಾಂಶ ಕೊಡುತ್ತಾರೆ. ನಿಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲದಿದ್ದರೆ, ಈ ಪ್ರದೇಶದ ಶಾಖದಲೆ, ಮಳೆ ಅಥವಾ ಚಂಡಮಾರುತಗಳ ಬಗ್ಗೆ ಈಗಾಗಲೇ ಏನು ತಿಳಿದಿದೆ ಎಂಬ ಪೂರ್ವಸಿದ್ಧ ಬರಹವನ್ನು ಇಟ್ಟುಕೊಂಡು, ಈ ನಿರ್ದಿಷ್ಟ ಘಟನೆಯ ವಿಶ್ಲೇಷಣೆ ಇನ್ನೂ ಆಗಿಲ್ಲ ಎಂದು ನೇರವಾಗಿ ಹೇಳಿ.

ಅನುವಾದವನ್ನು ಕೊನೆಯ ದಿನಕ್ಕೆ ಬಿಡಬೇಡಿ. ಅನುವಾದಿಸಿದ ಪಠ್ಯವನ್ನು ಆ ಭಾಷೆಯಾಡುವ ವಿಜ್ಞಾನಿಯೊಬ್ಬರು ಓದಿ ಒಪ್ಪಿದ ಮೇಲಷ್ಟೇ ಪ್ರಕಟಿಸಿ.

ಹಂತ 8: ತಪ್ಪು ತಿದ್ದುವ ಕ್ರಮವನ್ನು ಮೊದಲೇ ಬರೆದಿಡಿ

ಐಪಿಸಿಸಿಯ 2021ರ ಮೊದಲ ಸಂಪುಟಕ್ಕೆ 66 ದೇಶಗಳ 234 ಲೇಖಕರಿದ್ದರು, ಕರಡುಗಳ ಮೇಲೆ 78,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಇಷ್ಟು ಕಣ್ಣುಗಳು ಓದಿದರೂ ದೋಷ ಉಳಿಯಬಹುದು ಎಂದು ಒಪ್ಪಿಕೊಂಡು ಕೆಲಸ ಮಾಡುವುದು ಲೇಸು. ಹಿಮನದಿಗಳ ಪ್ರಕರಣದ ನಂತರ ವಿವಿಧ ದೇಶಗಳ ವಿಜ್ಞಾನ ಅಕಾಡೆಮಿಗಳ ಒಕ್ಕೂಟ ಐಪಿಸಿಸಿಯ ಕಾರ್ಯವಿಧಾನವನ್ನು ಪರಿಶೀಲಿಸಿತು. 2011ರಲ್ಲಿ, ಪ್ರಕಟವಾದ ವರದಿಯಲ್ಲಿ ದೋಷ ಇದೆಯೆಂದು ಯಾರಾದರೂ ತಿಳಿಸಿದರೆ ಅದನ್ನು ಹೇಗೆ ಪರಿಶೀಲಿಸಿ ತಿದ್ದಬೇಕೆಂಬ ಲಿಖಿತ ಕ್ರಮ ಜಾರಿಗೆ ಬಂತು. ನಿಮ್ಮ ಕ್ರಮದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿರಲಿ: ದೂರನ್ನು ಯಾರು ಸ್ವೀಕರಿಸುತ್ತಾರೆ, ಎಷ್ಟು ದಿನಗಳೊಳಗೆ ಮೊದಲ ಉತ್ತರ ಹೋಗುತ್ತದೆ, ತಿದ್ದುಪಡಿ ಎಲ್ಲಿ ಪ್ರಕಟವಾಗುತ್ತದೆ. ತಪ್ಪು ಎಲ್ಲಿ ಪ್ರಕಟವಾಗಿತ್ತೋ ಅಲ್ಲೇ, ಅಷ್ಟೇ ಎದ್ದು ಕಾಣುವಂತೆ ತಿದ್ದುಪಡಿಯೂ ಬರಬೇಕು, ಮತ್ತು ಅದು ಮೊದಲು ಕಾರ್ಯಕ್ರಮದ ಸದಸ್ಯರಿಗೆ ತಲುಪಬೇಕು. ತಮ್ಮದೇ ಕಾರ್ಯಕ್ರಮದ ತಪ್ಪನ್ನು ವರದಿಗಾರರ ಬಾಯಿಂದ ಕೇಳಿದ ವಿಜ್ಞಾನಿಯ ವಿಶ್ವಾಸವನ್ನು ಮರಳಿ ಗಳಿಸುವುದು ಕಷ್ಟ.

ಹಂತ 9: ಜನ ಮತ್ತು ಹಣವನ್ನು ಗೊತ್ತುಮಾಡಿ

ಇಷ್ಟೂ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಯಾರೋ ಒಬ್ಬ ಕಿರಿಯ ಸಂಶೋಧಕಿ ಮಾಡಿಕೊಂಡು ಹೋಗುತ್ತಾರೆ ಎಂದು ಎಣಿಸುವುದು ಅನ್ಯಾಯ. ಯೋಜನೆಯ ಪ್ರಸ್ತಾವದಲ್ಲೇ ಸಂವಹನಾಧಿಕಾರಿಯ ಹುದ್ದೆ, ಅನುವಾದ, ದತ್ತಾಂಶ ಟಿಪ್ಪಣಿಗಳ ತಯಾರಿ ಇವುಗಳಿಗೆ ಪ್ರತ್ಯೇಕ ಮೊತ್ತ ಇರಬೇಕು. ಆ ಅಧಿಕಾರಿಗೆ ಸಂಚಾಲನಾ ಸಮಿತಿಯ ಸಭೆಗಳಲ್ಲಿ ಆರಂಭದಿಂದಲೇ ಕುಳಿತುಕೊಳ್ಳುವ ಹಕ್ಕು ಬೇಕು. ನಿರ್ಧಾರ ಆದ ಮೇಲೆ ಅದನ್ನು ಚೆಂದಗಾಣಿಸಲು ಕರೆದರೆ ಅವರಿಗೆ ಕಾರಣಗಳು ತಿಳಿದಿರುವುದಿಲ್ಲ. ವಿಜ್ಞಾನಿಗಳು ಇದಕ್ಕಾಗಿ ಕೊಟ್ಟ ಸಮಯವನ್ನು ಅವರ ಮಾತೃಸಂಸ್ಥೆಗೆ ಪತ್ರ ಬರೆದು ತಿಳಿಸುವುದು ಕಾರ್ಯಕ್ರಮದ ಅಧ್ಯಕ್ಷರ ಹೊಣೆ. ಬಡ್ತಿಯ ಸಂದರ್ಭದಲ್ಲಿ ಆ ಪತ್ರಕ್ಕೆ ಬೆಲೆ ಇರುತ್ತದೆ.

ಎಲ್ಲವನ್ನೂ ಒಮ್ಮೆಗೇ ಶುರುಮಾಡುವಷ್ಟು ಜನರಿಲ್ಲದಿದ್ದರೆ ನಿರ್ಧಾರ ದಾಖಲೆ ಮತ್ತು ದತ್ತಾಂಶ ಟಿಪ್ಪಣಿಗಳಿಂದ ಆರಂಭಿಸಿ. ಇವೆರಡಕ್ಕೂ ಹೊಸ ತಂತ್ರಾಂಶ ಬೇಡ, ಒಬ್ಬರು ವಾರದಲ್ಲಿ ಒಂದು ದಿನ ಮೀಸಲಿಟ್ಟರೆ ಮೊದಲ ಮೂರು ತಿಂಗಳಲ್ಲೇ ಇವು ಬಳಕೆಗೆ ಬರುತ್ತವೆ. ಸಂದೇಶ ಪತ್ರ ಮತ್ತು ತಪ್ಪು ತಿದ್ದುವ ಕ್ರಮವನ್ನು ಮುಂದಿನ ಸಂಚಾಲನಾ ಸಮಿತಿ ಸಭೆಯ ಕಾರ್ಯಸೂಚಿಗೆ ಸೇರಿಸಿ, ಜಾಲತಾಣದ ನವೀಕರಣವನ್ನು ಅದರ ನಂತರಕ್ಕೆ ಇಟ್ಟುಕೊಳ್ಳಿ.